ಟಾರ್ಪನ್ ಮೀನಿಗೆ ಗಾಳ ಹಾಕಲು ಹೊರಟವರಿಗೆ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: ನನ್ನ ಮಗಳು ಅಮೆರಿಕದ ಫ್ಲಾರಿಡಾದಲ್ಲಿ, ಟ್ಯಾಂಪಾ ನಗರದಲ್ಲಿದ್ದಾಳೆ. ನಾನು ಅಲ್ಲಿಗೆ ಹೋದಾಗ ಟಾರ್ಪನ್ ಎಂಬ ದೊಡ್ಡ ಮೀನಿಗೆ ಗಾಳ ಹಾಕಲು ಬಾಡಿಗೆ ದೋಣಿಯಲ್ಲಿ ಕರೆದೊಯ್ಯುವುದಾಗಿ ಅಳಿಯಂದಿರು ಹೇಳಿದ್ದಾರೆ. ಹಿಂದೆ ಕಾವೇರಿಯಲ್ಲಿ ಮಹಶೀರ್ ಮೀನಿಗೆ ಗಾಳ ಹಾಕಿದ ಅನುಭವವಿದೆ, ಸಮುದ್ರದ ಅನುಭವವಿಲ್ಲ. ಯಾವ ಸ್ಥಳ, ಯಾವ ತಿಂಗಳು ಒಳ್ಳೆಯದು? (ಓದುಗರು, ಮೈಸೂರು)

ಉತ್ತರ: ತಿಂಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮಗಿದ್ದರೆ ಮೇ ಅಥವಾ ಜೂನ್‌ನಲ್ಲಿ ಹೋಗಿ. ಸ್ಥಳದ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ, ಏಕೆಂದರೆ ಟ್ಯಾಂಪಾದಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿಯಲ್ಲಿರುವ ಬೋಕಾ ಗ್ರಾಂಡೆ ಎಂಬ ಊರು ಟಾರ್ಪನ್ ಬೇಟೆಗೆ ಪ್ರಪಂಚದಲ್ಲೇ ಅತಿ ಹೆಸರಾದ ಸ್ಥಳಗಳಲ್ಲಿ ಒಂದು. ಗ್ಯಾಸ್ಪರಿಲ್ಲಾ ದ್ವೀಪದ ದಕ್ಷಿಣ ತುದಿಗೂ ಕಾಯೊ ಕೋಸ್ಟಾ ದ್ವೀಪಕ್ಕೂ ನಡುವೆ ಒಂದು ಅಳಿವೆಯಿದೆ. ಶಾರ್ಲೆಟ್ ಹಾರ್ಬರ್ ಎಂಬ ವಿಶಾಲವಾದ ಹಿನ್ನೀರಿನ ನೀರು ಮೆಕ್ಸಿಕೋ ಕೊಲ್ಲಿಗೆ ಹೋಗಿ ಬರುವುದು ಮುಖ್ಯವಾಗಿ ಈ ಕಿರಿದಾದ ಬಾಯಿಯ ಮೂಲಕ. ಸುತ್ತಲಿನ ಕಡಲು ಆಳವಿಲ್ಲದ್ದಾದರೂ ಅಳಿವೆಯ ತಳದಲ್ಲಿ 70 ಅಡಿಗೂ ಮೀರಿದ ಗುಂಡಿಗಳಿವೆ. ಮೊಟ್ಟೆಯಿಡಲು ದೂರದ ಆಳ ಕಡಲಿಗೆ ಹೋಗುವ ಮೊದಲು ಟಾರ್ಪನ್‌ಗಳು ಹಿಂಡುಹಿಂಡಾಗಿ ಇಲ್ಲಿ ಸೇರುತ್ತವೆ.

ದಿನವನ್ನು ಆರಿಸುವಾಗ ರಜೆಯ ಲೆಕ್ಕಕ್ಕಿಂತ ಪಂಚಾಂಗದ ಲೆಕ್ಕ ಹೆಚ್ಚು ಉಪಯುಕ್ತ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಳಿತದ ಸೆಳೆತ ತೀವ್ರವಾಗಿ, ಹಿನ್ನೀರಿನಲ್ಲಿದ್ದ ಸಣ್ಣ ಏಡಿಗಳು ರಾಶಿರಾಶಿಯಾಗಿ ನೀರಿನ ಮೇಲ್ಭಾಗದಲ್ಲೇ ತೇಲಿಕೊಂಡು ಅಳಿವೆಯ ಮೂಲಕ ಕಡಲಿಗೆ ಹೋಗುತ್ತವೆ. ಆಗ ತಳದಲ್ಲಿದ್ದ ಟಾರ್ಪನ್‌ಗಳು ಮೇಲೆದ್ದು ಅವನ್ನು ನುಂಗುತ್ತವೆ. ಅಲ್ಲಿನವರು ಇದನ್ನು ಹಿಲ್ ಟೈಡ್ ಎನ್ನುತ್ತಾರೆ. ಮಧ್ಯಾಹ್ನದ ನಂತರ ಇಂತಹ ಇಳಿತ ಬೀಳುವ ದಿನಗಳಿಗಾಗಿ ಪಳಗಿದ ಗಾಳಗಾರರು ಬಹಳ ಮುಂಚೆಯೇ ದೋಣಿಯನ್ನು ಕಾದಿರಿಸಿರುತ್ತಾರೆ.

ನಿಮ್ಮ ಮಹಶೀರ್ ಅನುಭವ ತೋಳಿಗೆ ನೆರವಾದೀತು, ಆದರೆ ಎರಡು ಅಭ್ಯಾಸಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಮೀನು ಕಚ್ಚಿದೊಡನೆ ಕೋಲನ್ನು ಜೋರಾಗಿ ಮೇಲಕ್ಕೆಳೆಯುವುದು ಮೊದಲನೆಯದು. ಜೀವಂತ ಎರೆಯ ಜೊತೆ ಅಲ್ಲಿ ಬಳಸುವುದು ತುದಿ ಒಳಮುಖವಾಗಿ ಬಾಗಿದ ಸರ್ಕಲ್ ಹುಕ್. ಕೋಲನ್ನು ಮೀನಿನತ್ತ ಚಾಚಿ ಸುಮ್ಮನೆ ರೀಲ್ ಸುತ್ತುತ್ತ ಹೋದರೆ ಅದು ತಾನಾಗಿಯೇ ಬಾಯಿಯ ಮೂಲೆಗೆ ಸರಿದು ನಾಟುತ್ತದೆ, ಜಗ್ಗಿದರೆ ಏನನ್ನೂ ಹಿಡಿಯದೆ ಹೊರಗೆ ಬರುತ್ತದೆ. ಎರಡನೆಯದು, ದಾರವನ್ನು ಸದಾ ಬಿಗಿಯಾಗಿಯೇ ಹಿಡಿದಿರುವುದು. ಟಾರ್ಪನ್ ಪದೇ ಪದೇ ನೀರಿನಿಂದ ಪೂರ್ತಿಯಾಗಿ ಮೇಲೆ ಹಾರಿ ತಲೆ ಕೊಡಹುತ್ತದೆ. ಅದರ ಬಾಯಿಯೊಳಗೆಲ್ಲ ಮೂಳೆಯೇ ಆಗಿರುವುದರಿಂದ ಗಾಳ ಆಳಕ್ಕಿಳಿಯುವುದು ಕಷ್ಟ, ದಾರ ಬಿಗಿಯಾಗಿದ್ದರೆ ಗಾಳ ಕಿತ್ತು ಬರುವುದೋ ದಾರ ತುಂಡಾಗುವುದೋ ಖಂಡಿತ. ಆದ್ದರಿಂದ ಮೀನು ಹಾರಿದ ಕ್ಷಣದಲ್ಲಿ ಸೊಂಟದಿಂದ ಬಾಗಿ, ಕೋಲನ್ನು ಮೀನಿನ ಕಡೆಗೆ ಚಾಚಿ ದಾರವನ್ನು ಸಡಿಲಿಸಬೇಕು. ಕ್ಯಾಪ್ಟನ್ ‘ಬಾಗಿ, ಬಾಗಿ’ ಎಂದು ಕೂಗುವುದು ಇದಕ್ಕೇ. ಇಷ್ಟೆಲ್ಲ ಮಾಡಿದ ಮೇಲೂ ಗಾಳಕ್ಕೆ ಬಿದ್ದ ಮೀನುಗಳಲ್ಲಿ ಅನೇಕವು ತಪ್ಪಿಸಿಕೊಳ್ಳುತ್ತವೆ. ಅದಕ್ಕೆ ನಿಮ್ಮನ್ನು ಯಾರೂ ದೂರುವುದಿಲ್ಲ.

ಪ್ರಶ್ನೆ: ಇಂತಹ ದೋಣಿಗೆ ಎಷ್ಟು ಹಣ ತಗಲುತ್ತದೆ? ಕ್ಯಾಪ್ಟನ್ ಒಳ್ಳೆಯವನೇ ಎಂದು ಮೊದಲೇ ತಿಳಿಯುವುದು ಹೇಗೆ? (ಓದುಗರು, ಬೆಂಗಳೂರು)

ಉತ್ತರ: ಬಾಡಿಗೆ ತಲೆಲೆಕ್ಕದ್ದಲ್ಲ, ದೋಣಿಯ ಲೆಕ್ಕದ್ದು. ಅರ್ಧ ದಿನಕ್ಕೇ ನೂರಾರು ಡಾಲರ್ ಆಗುವುದರಿಂದ ಮೂರು ನಾಲ್ಕು ಜನ ಹಂಚಿಕೊಳ್ಳುವುದು ವಾಡಿಕೆ. ಅದರ ಮೇಲೆ ಶೇಕಡ 15ರಿಂದ 20ರಷ್ಟು ಭಕ್ಷೀಸು ಕೊಡುವುದು ಅಲ್ಲಿನ ರೂಢಿ. ಇದನ್ನು ಲೆಕ್ಕಕ್ಕೆ ಹಿಡಿಯದೆ ಹೋದವರು ದಕ್ಕೆಯ ಮೇಲೆ ಮುಜುಗರಪಡುತ್ತಾರೆ. ಹಣ ಪಡೆದು ಜನರನ್ನು ಕರೆದೊಯ್ಯುವ ಕ್ಯಾಪ್ಟನ್ ಬಳಿ ಅಮೆರಿಕದ ಕೋಸ್ಟ್ ಗಾರ್ಡ್ ನೀಡುವ ಪರವಾನಗಿ ಇರಲೇಬೇಕು, ಮತ್ತು ಈ ಬಗೆಯ ಸಣ್ಣ ದೋಣಿಯಲ್ಲಿ ಹಣ ಕೊಟ್ಟ ಪ್ರಯಾಣಿಕರು ಆರು ಮಂದಿಗಿಂತ ಹೆಚ್ಚಿರುವಂತಿಲ್ಲ. ಫ್ಲಾರಿಡಾದಲ್ಲಿ ಬಾಡಿಗೆ ದೋಣಿಯ ಮೀನುಗಾರಿಕೆ ಪರವಾನಗಿಯೇ ಅದರಲ್ಲಿರುವವರಿಗೂ ಅನ್ವಯಿಸುವುದರಿಂದ ನೀವು ಬೇರೆಯಾಗಿ ಪಡೆಯಬೇಕಿಲ್ಲ.

ಎಷ್ಟು ಮೀನು ಹಿಡಿಸಿಕೊಡುತ್ತೀರಿ ಎಂದು ಕ್ಯಾಪ್ಟನ್‌ನನ್ನು ಕೇಳುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಗಾಳಕ್ಕೆ ಬಿದ್ದ ಮೀನನ್ನು ಎಷ್ಟು ಹೊತ್ತಿನಲ್ಲಿ ದೋಣಿಯ ಪಕ್ಕಕ್ಕೆ ತರಿಸುತ್ತೀರಿ, ಶಾರ್ಕ್ ಕಾಣಿಸಿಕೊಂಡರೆ ಏನು ಮಾಡುತ್ತೀರಿ, ಹಿಂಡಿನ ಹತ್ತಿರ ಹೋಗುವಾಗ ಎಂಜಿನ್ ನಿಲ್ಲಿಸುತ್ತೀರಾ? ಈ ಮೂರಕ್ಕೂ ತಡವರಿಸದೆ ಉತ್ತರಿಸುವವನನ್ನು ನಂಬಬಹುದು. ಮುಖ್ಯ ಎಂಜಿನ್ ಹಾಕಿಕೊಂಡು ಹಿಂಡಿನ ಮಧ್ಯಕ್ಕೆ ನುಗ್ಗಿದರೆ ಮೀನುಗಳು ತಳಕ್ಕಿಳಿದು, ಸುತ್ತಲಿನ ಎಲ್ಲ ದೋಣಿಗಳ ಆ ಹೊತ್ತಿನ ಬೇಟೆ ಕೆಡುತ್ತದೆ. ತಿಳಿದವರು ದೂರದಲ್ಲೇ ನಿಂತು, ಸದ್ದಿಲ್ಲದ ವಿದ್ಯುತ್ ಮೋಟರಿನಿಂದ ಸರಿದು, ಹಿಂಡು ಸಾಗುವ ದಿಕ್ಕನ್ನು ಅಂದಾಜಿಸಿ ಅದರ ಮುಂದಕ್ಕೆ ಏಡಿಯನ್ನು ಎಸೆಯುತ್ತಾರೆ. ಮಳೆಗಾಲದ ಮಧ್ಯಾಹ್ನಗಳಲ್ಲಿ ಅಲ್ಲಿ ಗುಡುಗು ಸಿಡಿಲು ಸಾಮಾನ್ಯ, ಕೈಯಲ್ಲಿರುವ ಗ್ರಾಫೈಟ್ ಕೋಲು ವಿದ್ಯುತ್ತನ್ನು ಹರಿಯಬಿಡುತ್ತದೆ. ಆದ್ದರಿಂದ ಕ್ಯಾಪ್ಟನ್ ‘ಇಂದಿಗೆ ಸಾಕು’ ಎಂದು ದೋಣಿ ತಿರುಗಿಸಿದರೆ ವಾದಿಸಬೇಡಿ.

ಪ್ರಶ್ನೆ: ನಮ್ಮದು ತಲೆತಲಾಂತರದಿಂದ ಕಡಲಿಗಿಳಿಯುವ ಮನೆತನ. ಅಷ್ಟು ಹಣ ಸುರಿದು ಮೀನು ಹಿಡಿದು ಮತ್ತೆ ನೀರಿಗೆ ಬಿಡುತ್ತಾರೆ ಎಂದು ಕೇಳಿ ನಗು ಬಂತು. ತಿನ್ನುವುದಕ್ಕಲ್ಲದೆ ಮೀನನ್ನು ಹಿಂಸಿಸುವುದು ಸರಿಯೇ? (ಓದುಗರು, ಕುಂದಾಪುರ)

ಉತ್ತರ: ನಿಮ್ಮ ಪ್ರಶ್ನೆಯ ಎರಡು ಭಾಗಗಳನ್ನು ಬೇರೆಬೇರೆಯಾಗಿ ನೋಡೋಣ. ಬಿಡುವುದೇಕೆ ಎಂಬುದಕ್ಕೆ ಮೊದಲ ಉತ್ತರ ಕಾನೂನು. 2013ರಿಂದ ಫ್ಲಾರಿಡಾದಲ್ಲಿ ಟಾರ್ಪನ್ ಹಿಡಿದರೆ ಬಿಡಲೇಬೇಕು. ವಿಶ್ವದಾಖಲೆಗಾಗಿ ಪ್ರಯತ್ನಿಸುವವರು ಮಾತ್ರ ಹಣ ಕೊಟ್ಟು ಪಡೆದ ವಿಶೇಷ ಚೀಟಿಯ ಮೇಲೆ ವರ್ಷಕ್ಕೆ ಒಂದೇ ಮೀನನ್ನು ಇಟ್ಟುಕೊಳ್ಳಬಹುದು. 40 ಅಂಗುಲಕ್ಕಿಂತ ಉದ್ದದ ಟಾರ್ಪನ್ ಅನ್ನು ಫೋಟೋಗಾಗಿ ಕೂಡ ನೀರಿನಿಂದ ಮೇಲೆತ್ತುವಂತಿಲ್ಲ. ಬೋಕಾ ಗ್ರಾಂಡೆಯ ಅಳಿವೆಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಒಂದು ದೋಣಿಯಿಂದ ಮೂರಕ್ಕಿಂತ ಹೆಚ್ಚು ದಾರಗಳನ್ನು ಬಿಡುವಂತಿಲ್ಲ. ಗಾಳದ ಕೆಳಭಾಗಕ್ಕೆ ಭಾರ ಕಟ್ಟಿದ, ಜಿಗ್ ಎಂಬ ಒಂದು ಬಗೆಯ ಕೃತಕ ಎರೆ ಮೀನಿನ ಬಾಯಿಗಲ್ಲದೆ ಹೊರಗಿನಿಂದ ಚುಚ್ಚಿಕೊಳ್ಳುತ್ತದೆಂಬ ದೂರು ಬಂದದ್ದರಿಂದ ಅದನ್ನೂ 2013ರಲ್ಲೇ ನಿಷೇಧಿಸಲಾಯಿತು.

ಕಾನೂನಿನ ಹಿಂದಿರುವ ಕಾರಣ ಮೀನಿನ ಬದುಕಿನಲ್ಲಿದೆ. ಟಾರ್ಪನ್ ಮುಳ್ಳು ಹೆಚ್ಚಿರುವ ಮೀನಾದ್ದರಿಂದ ಅಮೆರಿಕದಲ್ಲಿ ಅದನ್ನು ತಿನ್ನುವವರು ವಿರಳ. ಬೂತಾಯಿ, ಬಂಗುಡೆಗಳು ಒಂದೆರಡು ವರ್ಷಗಳಲ್ಲಿ ಬೆಳೆದು ಸಂತಾನ ಹೆಚ್ಚಿಸುತ್ತವೆ. ಟಾರ್ಪನ್ ಮೊದಲ ಬಾರಿ ಮೊಟ್ಟೆಯಿಡಲು ಸುಮಾರು ಹತ್ತು ವರ್ಷ ಬೇಕು, ಹೆಣ್ಣು ಮೀನು 50 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ದೊಡ್ಡ ಹೆಣ್ಣೊಂದು ಕೋಟಿಗೂ ಮೀರಿ ಮೊಟ್ಟೆಗಳನ್ನು ಹೊರುತ್ತದೆ. ಗಾಳಗಾರರು ಆಸೆಪಡುವುದು ಸರಿಯಾಗಿ ಇಂತಹ ಮೀನುಗಳಿಗೇ. 1885ರಲ್ಲಿ ಡಬ್ಲ್ಯೂ. ಎಚ್. ವುಡ್ ಎಂಬವರು ಇದೇ ಕರಾವಳಿಯಲ್ಲಿ ಕೋಲು ಮತ್ತು ರೀಲಿನಿಂದ ಟಾರ್ಪನ್ ಹಿಡಿದ ಸುದ್ದಿ ಹಬ್ಬಿದ ಮೇಲೆ ಶ್ರೀಮಂತರು ಇಲ್ಲಿಗೆ ಬರತೊಡಗಿದರು, ಹಿಡಿದ ಮೀನುಗಳನ್ನು ದಕ್ಕೆಯಲ್ಲಿ ನೇತುಹಾಕಿ ಚಿತ್ರ ತೆಗೆಸಿಕೊಂಡು ಅನಂತರ ಎಸೆಯುವುದು ದಶಕಗಳ ಕಾಲ ನಡೆಯಿತು. ನಿಮಗೆ ನಗು ಬರಬೇಕಾದದ್ದು ಆ ಕಾಲದ ಬಗ್ಗೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದಿರುವ ಕಾರಣ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಅದೇ ತಿಂಗಳುಗಳಲ್ಲಿ, ಮೊಟ್ಟೆಯಿಡಲು ಸೇರಿದ ಮೀನಿಗೇ ಗಾಳ ಹಾಕುತ್ತಾರೆ. ಬಿಡುವ ನಿಯಮವಾದರೂ ಕಟ್ಟುನಿಟ್ಟಾಗಿರಬೇಕಾದದ್ದು ಅದಕ್ಕೇ.

ಇನ್ನು ಹಿಂಸೆಯ ಮಾತು. ಗಾಳಕ್ಕೆ ಬಿದ್ದ ಮೀನಿಗೆ ಏನೂ ಆಗುವುದಿಲ್ಲ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಅದು ದಣಿಯುತ್ತದೆ, ಬಿಟ್ಟ ಮೇಲೂ ಕೆಲವು ಸಾಯುತ್ತವೆ, ದಣಿದು ನಿಧಾನವಾದ ಮೀನನ್ನು ಅಳಿವೆಯಲ್ಲೇ ಸುಳಿದಾಡುವ ಹ್ಯಾಮರ್‌ಹೆಡ್ ಮತ್ತು ಬುಲ್ ಶಾರ್ಕ್‌ಗಳು ಹಿಡಿಯುತ್ತವೆ. ವಿನೋದಕ್ಕಾಗಿ ಜೀವಿಯನ್ನು ದಣಿಸುವುದೇ ತಪ್ಪು ಎನ್ನುವವರಿಗೆ ನನ್ನಲ್ಲಿ ಮರುಮಾತಿಲ್ಲ. ಅವರು ಹೋಗದಿರುವುದೇ ಸರಿ. ಹೋಗುವವರ ಹೊಣೆ ಎಂದರೆ ಆ ದಣಿವನ್ನು ಸಾಧ್ಯವಾದಷ್ಟು ಕಡಿಮೆ ಮಾಡುವುದು, ಮತ್ತು ಕ್ಯಾಪ್ಟನ್‌ನ ನಿಜವಾದ ಕೈಚಳಕ ಕಾಣುವುದೂ ಅಲ್ಲಿಯೇ. ಟಾರ್ಪನ್‌ನ ಈಜುಚೀಲ ಶ್ವಾಸಕೋಶದಂತೆಯೂ ಕೆಲಸ ಮಾಡುತ್ತದೆ. ಅದು ಮೇಲೆ ಬಂದು ಮಗ್ಗುಲು ಹೊರಳಿಸಿ ಒಂದು ಗುಟುಕು ಗಾಳಿ ನುಂಗಿದರೆ ಮತ್ತೆ ಹೊಸ ಬಲ ಬಂದು ಹೋರಾಟ ಬೆಳೆಯುತ್ತದೆ. ಹಾಗಾಗಿ ಮೀನು ಮೇಲೇಳಲು ನೋಡಿದಾಗ ಕೋಲನ್ನು ನೀರಿನ ಮಟ್ಟಕ್ಕೆ ತಗ್ಗಿಸಿ ಎಳೆಯಬೇಕು. ಅದು ಎಡಕ್ಕೆ ಹೊರಟರೆ ಬಲಕ್ಕೆ, ಬಲಕ್ಕೆ ಹೊರಟರೆ ಎಡಕ್ಕೆ ಎಳೆದು ತಲೆ ತಿರುಗಿಸಬೇಕು. ಕೋಲನ್ನು ನೆಟ್ಟಗೆ ಮೇಲೆತ್ತಿ ನಿಲ್ಲುವುದು ಚಿತ್ರಕ್ಕೆ ಚೆಂದ, ಆದರೆ ಮೀನು ಆಗ ಆರಾಮವಾಗಿಯೇ ಇರುತ್ತದೆ. ಶಾರ್ಕ್ ಕಂಡರೆ ದಾರವನ್ನು ಕತ್ತರಿಸಿಬಿಡಬೇಕು, ಅದು ಎಂತಹ ಮೀನೇ ಆಗಿರಲಿ. ದೋಣಿಯ ಪಕ್ಕಕ್ಕೆ ಬಂದ ಮೀನಿನ ಕೆಳದವಡೆ ಹಿಡಿದು, ದೋಣಿಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟು, ಕಿವಿರುಗಳ ಮೂಲಕ ನೀರು ಹರಿಯುವಂತೆ ಮಾಡಿ, ಅದು ತಾನೇ ಬಾಲ ಬೀಸುವವರೆಗೆ ಕಾಯುವುದು ಕೊನೆಯ ಕೆಲಸ.

ಪ್ರಶ್ನೆ: ದೋಣಿಯಲ್ಲಿ ವಾಂತಿಯಾಗುವ ಭಯವಿದೆ. ಹೋಗಬಹುದೇ? (ಓದುಗರು, ಹಾಸನ)

ಉತ್ತರ: ಹೋಗಬಹುದು. ಈ ಬೇಟೆ ನಡೆಯುವುದು ಅಳಿವೆಯಲ್ಲಿ ಅಥವಾ ದಡ ಕಾಣುವಷ್ಟು ದೂರದಲ್ಲಿ. ಗಾಳಿಗೆ ವಿರುದ್ಧವಾಗಿ ಇಳಿತ ಹರಿಯುವಾಗ ಮಾತ್ರ ಅಳಿವೆಯ ನೀರು ಒರಟಾಗುತ್ತದೆ. ಮಾತ್ರೆ ತೆಗೆದುಕೊಳ್ಳುವುದಾದರೆ ದೋಣಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು, ಬೇರೆ ಔಷಧಿ ಸೇವಿಸುತ್ತಿರುವವರು ವೈದ್ಯರನ್ನು ಕೇಳಬೇಕು.

ಪ್ರಶ್ನೆ: ನಮ್ಮ ದೇಶದಲ್ಲಿ ಇಂತಹ ಅವಕಾಶವಿಲ್ಲವೇ? (ಓದುಗರು, ಶಿವಮೊಗ್ಗ)

ಉತ್ತರ: ಅಂಡಮಾನ್ ದ್ವೀಪಗಳಲ್ಲಿದೆ. ಅಲ್ಲಿ ಜನ ಹುಡುಕಿಕೊಂಡು ಹೋಗುವುದು ಜೈಂಟ್ ಟ್ರೆವಲಿ ಮೀನನ್ನು. ಹವಳದ ದಿಬ್ಬಗಳ ಅಂಚಿನಲ್ಲಿ, ನೀರಿನ ಮೇಲೆ ಸದ್ದು ಮಾಡುತ್ತ ಸಾಗುವ ಮರದ ಅಥವಾ ಪ್ಲಾಸ್ಟಿಕ್ ಎರೆಯನ್ನು ದಿನವಿಡೀ ಎಸೆದು ಎಳೆಯಬೇಕಾದ್ದರಿಂದ ಅದು ಟಾರ್ಪನ್ ಬೇಟೆಗಿಂತ ಹೆಚ್ಚು ಮೈಮುರಿಯುವ ಕೆಲಸ. ಮುಂಗಾರಿಗೆ ಮೊದಲಿನ ಒಣ ತಿಂಗಳುಗಳು ಅದಕ್ಕೆ ಸೂಕ್ತ, ರಾಷ್ಟ್ರೀಯ ಉದ್ಯಾನದ ನೀರಿನಲ್ಲಿ ಮೀನು ಹಿಡಿಯುವಂತಿಲ್ಲ. ಟಾರ್ಪನ್‌ನ ಸೋದರ ಜಾತಿಯೊಂದು ಭಾರತದ ಅಳಿವೆಗಳಲ್ಲೂ ಇದೆ, ಅದೂ ಗಾಳಿ ನುಂಗುತ್ತದೆ, ಆದರೆ ಗಾತ್ರದಲ್ಲಿ ಬಹಳ ಚಿಕ್ಕದು.

ಕರ್ನಾಟಕದಲ್ಲಿ ಮಾರ್ಗದರ್ಶಕರೊಂದಿಗೆ ದೊಡ್ಡ ಮೀನು ಹಿಡಿದು ಬಿಡುವ ಪದ್ಧತಿ ಬೆಳೆದದ್ದು ಕಡಲಿನಲ್ಲಲ್ಲ, ಕಾವೇರಿಯ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ. ವನ್ಯಜೀವಿ ಧಾಮದೊಳಗಿನ ಆ ಗಾಳಗಾರಿಕೆ 2010ರ ನಂತರದ ವರ್ಷಗಳಲ್ಲಿ ನಿಂತುಹೋಯಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ ಇರಬಹುದು. ಆದರೆ ನದಿಯ ಮೇಲೆ ದಿನನಿತ್ಯ ಕಣ್ಣಿಡುತ್ತಿದ್ದ ಸ್ಥಳೀಯ ಮಾರ್ಗದರ್ಶಕರೂ ಅದರೊಂದಿಗೆ ಚದುರಿಹೋದದ್ದು ನಷ್ಟವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ.

ಪ್ರಶ್ನೆ: ನೀರಿನಿಂದ ಎತ್ತದೆ ಮೀನಿನ ತೂಕ ಹೇಳುವುದು ಹೇಗೆ? (ಓದುಗರು, ಧಾರವಾಡ)

ಉತ್ತರ: ನೀರಿನಲ್ಲಿಯೇ ಟೇಪು ಹಿಡಿದು ಅಳೆಯುತ್ತಾರೆ. ಮೈಯ ಸುತ್ತಳತೆಯನ್ನು ಅಂಗುಲಗಳಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಿದರೆ ಪೌಂಡ್‌ಗಳಲ್ಲಿ ಸ್ಥೂಲವಾದ ತೂಕ ಸಿಗುತ್ತದೆ. 72 ಅಂಗುಲ ಉದ್ದ, 38 ಅಂಗುಲ ಸುತ್ತಳತೆಯ ಮೀನು ಸುಮಾರು 130 ಪೌಂಡ್, ಅಂದರೆ 59 ಕಿಲೋ ತೂಗುತ್ತದೆ. ಗೋಡೆಗೆ ತೂಗುಹಾಕಲು ಬೇಕೆನ್ನುವವರಿಗೆ ಇದೇ ಅಳತೆಗಳಿಂದ ಫೈಬರ್‌ಗ್ಲಾಸ್ ಪ್ರತಿಕೃತಿ ಮಾಡಿಕೊಡುವವರಿದ್ದಾರೆ.