ಕರಿಕೆಯಿಂದ ಕೊಚ್ಚಿಗೆ ಹೋಗಬೇಕಾದ ಫೈಲು

"ನಿಮ್ಮ ಕೊಡಗಲ್ಲಿ ಮನೆಗೊಬ್ಬರು ಮಿಲಿಟ್ರಿಯವರು. ಪಿಂಚಣಿ ಬರುತ್ತೆ, ಕ್ಯಾಂಟೀನ್ ಇದೆ, ತೋಟ ಇದೆ. ಮತ್ಯಾಕೆ ಅಪೀಲು, ಕೋರ್ಟು ಅಂತ ಅಲೀತೀರಿ?" ಎಂದು ಕೇಳಿದೆಯಲ್ಲ. ಫೋನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ನೆಟ್‌ವರ್ಕ್ ಹೋಯಿತು. ಅದಕ್ಕೇ ದೊಡ್ಡಪ್ಪನ ಡಿಸೆಬಿಲಿಟಿ ಪಿಂಚಣಿಯ ಅಪೀಲಿನ ಕಥೆ ಬರೆಯುತ್ತಿದ್ದೇನೆ.

ನಮ್ಮದು ಭಾಗಮಂಡಲ ದಾಟಿ ಘಟ್ಟ ಇಳಿದರೆ ಸಿಗುವ ಕರಿಕೆ ಕಡೆ. ಇನ್ನೊಂದಿಷ್ಟು ಮುಂದೆ ಹೋದರೆ ಪಾಣತ್ತೂರು, ಅದು ಕೇರಳ. ಮನೆಯಲ್ಲಿ ಅರೆಭಾಷೆ, ಆ ಕಡೆ ಪೇಟೆಯಲ್ಲಿ ಮಲಯಾಳಂ, ಓದಿದ್ದು ಬರೆದದ್ದು ಕನ್ನಡ. "ನೀವು ಕನ್ನಡದವರೇನಾ?" ಎಂದು ನಿನ್ನ ಆಫೀಸಿನವರು ಕೇಳಿದಾಗ ನನಗೆ ಬೇಜಾರಾಗಿತ್ತು. ಹೌದು, ನಾವು ಕನ್ನಡದವರೇ.

ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ನಿನಗೂ ಗೊತ್ತು. ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಲ್ಲಿ ಮ್ಯೂಸಿಯಂ ಆಯಿತು, ಮಡಿಕೇರಿಗೆ ಬಂದವರೆಲ್ಲ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮಗೂ ಹೆಮ್ಮೆಯೇ. ಆದರೆ ಜನರಲ್ ಆದವರು ಬೆರಳೆಣಿಕೆ. ಉಳಿದವರು ಸಿಪಾಯಿ, ನಾಯಕ್, ಹವಾಲ್ದಾರ್ ಆಗಿ ನಿವೃತ್ತಿಯಾಗಿ ಬಂದವರು. ಕೊಡವರಿದ್ದಾರೆ, ನಮ್ಮ ಗೌಡರಿದ್ದಾರೆ, ಬೇರೆಯವರೂ ಇದ್ದಾರೆ. ನಮ್ಮ ದೊಡ್ಡಪ್ಪನೂ ಅವರಲ್ಲಿ ಒಬ್ಬರು.

ಪಿಂಚಣಿ ಬರುತ್ತದೆ, ನಿಜ. ನಾವು ಕೇಳುತ್ತಿರುವುದು ಡಿಸೆಬಿಲಿಟಿ ಪಿಂಚಣಿ, ಸೇವೆಯಿಂದ ಬಂದ ಕಾಯಿಲೆಗೆ, ಊನಕ್ಕೆ ಕೊಡುವಂಥದ್ದು. ಸೈನ್ಯದಿಂದ ಬಿಡುಗಡೆಯಾಗುವಾಗ ರಿಲೀಸ್ ಮೆಡಿಕಲ್ ಬೋರ್ಡ್, ಅಂದರೆ ಡಾಕ್ಟರರ ಮಂಡಳಿ, ಕೂರುತ್ತದೆ. ಕಾಯಿಲೆ ಏನು, ಶೇಕಡಾ ಎಷ್ಟು, ಅದು ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಜಾಸ್ತಿ ಆದದ್ದೇ ಎಂದು ಬರೆಯುತ್ತಾರೆ. ಈ ಪಿಂಚಣಿ ಸಿಗಬೇಕಾದರೆ ಶೇಕಡಾ 20ಕ್ಕಿಂತ ಕಡಿಮೆ ಇರಬಾರದು, ಸೇವೆಗೂ ಕಾಯಿಲೆಗೂ ಸಂಬಂಧ ಇರಬೇಕು. ದೊಡ್ಡಪ್ಪನ ಕಾಗದದಲ್ಲಿ ರಕ್ತದೊತ್ತಡ, ಶೇಕಡಾ 30, ಜೀವನಪೂರ್ತಿ ಎಂದಿದೆ. ಅದರ ಕೆಳಗೇ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದಿದೆ. ಕಾರಣದ ಜಾಗದಲ್ಲಿ ಒಂದೇ ಸಾಲು: ಕಾಯಿಲೆ ಶುರುವಾದಾಗ ಪೀಸ್ ಸ್ಟೇಷನ್‌ನಲ್ಲಿದ್ದರು, ಅಂದರೆ ಗಡಿಯಿಂದ ದೂರದ ಶಾಂತ ಜಾಗದಲ್ಲಿ.

ಇದೇ ನನಗೆ ಹೊಟ್ಟೆ ಉರಿಸುವ ಮಾತು. ಅದಕ್ಕೆ ಮುಂಚೆ ಲಡಾಖಿನಲ್ಲಿ, ಕಾಶ್ಮೀರದ ಗಡಿಯಲ್ಲಿ ಕಳೆದ ವರ್ಷಗಳು ಎಲ್ಲಿ ಹೋದವು? ರಕ್ತದೊತ್ತಡ ಏನು ಪೋಸ್ಟಿಂಗ್ ಆರ್ಡರ್ ನೋಡಿಕೊಂಡು ಬರುತ್ತದೆಯೇ? ಭರ್ತಿಯಾಗುವಾಗ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ, ಗಟ್ಟಿ ಇದ್ದಾನೆ ಎಂದು ತೆಗೆದುಕೊಂಡವರು ಅವರೇ. 2013ರಲ್ಲಿ ಧರಂವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ. ಸೇರುವಾಗ ದಾಖಲೆಯಲ್ಲಿ ಕಾಯಿಲೆ ಇಲ್ಲ ಎಂದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದ ಎಂದೇ ತಿಳಿಯಬೇಕು. ಅಲ್ಲ ಎನ್ನುವವರು ಕಾರಣ ಕೊಡಬೇಕು. ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ. 2014ರ ರಾಮ್ ಅವತಾರ್ ತೀರ್ಪಿನ ಪ್ರಕಾರ ಶೇಕಡಾ 30 ಇದ್ದದ್ದನ್ನು 50 ಎಂದು ಲೆಕ್ಕ ಹಿಡಿಯಬೇಕು, ಪೂರ್ತಿ ಅವಧಿ ಮುಗಿಸಿ ಬಂದವರಿಗೂ. ಕಾನೂನು ಇಷ್ಟು ಸ್ಪಷ್ಟವಾಗಿದೆ. ಆದರೂ ಪ್ರತಿಯೊಬ್ಬನೂ ಮೊದಲಿನಿಂದ ಹೋರಾಡಬೇಕು.

ಹೇಗೆ ಅಂತೀಯಾ? ಮೊದಲ ಅಪೀಲಿಗೆ 6 ತಿಂಗಳ ಗಡುವು. ಅದು ತಿರಸ್ಕಾರವಾದರೆ ಎರಡನೇ ಅಪೀಲು, ಅದಕ್ಕೂ 6 ತಿಂಗಳು. ಗಡುವೆಲ್ಲ ನಮಗೆ. ಅವರ ಉತ್ತರ ಬರುವಾಗ ಎಷ್ಟು ಮಳೆಗಾಲ ಕಳೆದಿರುತ್ತದೋ ಯಾರಿಗೂ ಗೊತ್ತಿಲ್ಲ. ದೊಡ್ಡಪ್ಪನ ಮೊದಲ ಅಪೀಲಿಗೆ ಬಂದ ಉತ್ತರದಲ್ಲಿ ಬೋರ್ಡಿನ ಅದೇ ಸಾಲನ್ನು ಮತ್ತೆ ಟೈಪ್ ಮಾಡಿ ಕಳಿಸಿದ್ದರು. ಲಡಾಖಿನ ಮಾತೇ ಇರಲಿಲ್ಲ. ಎರಡನೆಯದಕ್ಕೆ ಇನ್ನೂ ಉತ್ತರವೇ ಇಲ್ಲ.

ಕಾದು ಕೂರುವುದೂ ಸುಲಭವಲ್ಲ. ಅಪೀಲು ಸೋತ ಸೈನಿಕರು ಹೋಗುವುದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ. ಅಲ್ಲಿಗೆ ತಡವಾಗಿ ಹೋದರೆ ಬಾಕಿ ಹಣ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನಕ್ಕೆ ಹಿಂದಿನ 3 ವರ್ಷದ್ದು ಮಾತ್ರ. 2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ಹಾಗೆ ನಡೆದುಕೊಂಡು ಬಂದಿದೆ. ಮೊದಲ ತಿರಸ್ಕಾರದ ಕಾಗದ ಬಂದಾಗಲೇ "ಸರ್ಕಾರ ಹೇಳಿದ ಮೇಲೆ ಮುಗೀತು" ಎಂದು ಪೆಟ್ಟಿಗೆಗೆ ಹಾಕಿಟ್ಟವರು ನಮ್ಮ ಕಡೆ ಬಹಳ ಜನ. ಆಜ್ಞೆ ಪಾಲಿಸಿ ಅಭ್ಯಾಸವಾದವರು, ಮೇಲಿನವರ ಕಾಗದವನ್ನು ಪ್ರಶ್ನಿಸಬಹುದು ಎಂದೇ ಅವರಿಗೆ ಯಾರೂ ಹೇಳಲಿಲ್ಲ. ಹತ್ತು ವರ್ಷ ಕಳೆದ ಮೇಲೆ ಅರ್ಜಿ ಹಾಕಿ ಗೆದ್ದರೂ ಏಳು ವರ್ಷದ್ದು ಹೋಯಿತು. ಅಪೀಲು ನಡೆಯುತ್ತಿರುವಾಗಲೇ ತೀರಿಕೊಂಡವರೂ ಇದ್ದಾರೆ. ಆಮೇಲೆ ಅವರ ಹೆಂಡತಿ ಅದೇ ಫೈಲು ಹಿಡಿದು ಓಡಾಡಬೇಕು.

ನಮ್ಮ ಫೈಲು ಎಲ್ಲಿರುತ್ತದೆ ಗೊತ್ತಾ? ಮಳೆಗಾಲದಲ್ಲಿ ಇಲ್ಲಿ ಬಟ್ಟೆ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ದೊಡ್ಡಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಲೆ ಮೇಲಿನ ಅಟ್ಟದಲ್ಲಿ, ಒಣಮೆಣಸಿನ ಡಬ್ಬದ ಪಕ್ಕ ಇಟ್ಟಿದ್ದಾರೆ. ಬೋರ್ಡಿನ ಕಾಗದದ ಅಂಚು ಹೊಗೆಗೆ ಕಂದು ತಿರುಗಿದೆ, ಡಾಕ್ಟರರ ಸಹಿ ಮಾತ್ರ ಇನ್ನೂ ಓದೋಕೆ ಬರುತ್ತದೆ. ಯಾವ ಕಚೇರಿಯವರು ಏನು ಕೇಳಿದರೂ ದೊಡ್ಡಮ್ಮ ಏಣಿ ಹಾಕುತ್ತಾರೆ.

ಎರಡನೇ ಅಪೀಲು ಹಾಕಿ 6 ತಿಂಗಳಾದರೂ ಆದೇಶ ಬರದಿದ್ದರೆ ಸುಮ್ನೆ ಕಾಯಬೇಕಾಗಿಲ್ಲ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ನೇರವಾಗಿ ಹೋಗಬಹುದು. ಆ ನ್ಯಾಯಮಂಡಳಿಯ 2007ರ ಕಾಯ್ದೆಯಲ್ಲೇ ಅದಕ್ಕೆ ಅವಕಾಶ ಇದೆ. ಆದರೆ ಕರ್ನಾಟಕದ ಪ್ರಕರಣಗಳು ಬರುವುದು ಕೊಚ್ಚಿಯ ಪೀಠಕ್ಕೆ. ಇಷ್ಟು ದೊಡ್ಡ ರಾಜ್ಯಕ್ಕೆ, ಇಷ್ಟು ಜನ ಸೈನಿಕರಿಗೆ, ಸ್ವಂತ ಪೀಠ ಇಲ್ಲ. ನಮಗಾದರೂ ಗಡಿ ಹತ್ತಿರ. ಪಾಣತ್ತೂರಿನ ಮೇಲೆ ಕಾಞಂಗಾಡಿಗೆ ಹೋಗಿ ರೈಲು ಹಿಡಿಯಬಹುದು, ಮಲಯಾಳಂ ಬರುತ್ತದೆ. ಬೀದರಿನ ಸಿಪಾಯಿ ಏನು ಮಾಡಬೇಕು? ಬೆಂಗಳೂರಿನಲ್ಲಿ ಕಾಯಂ ಪೀಠ ಬೇಕು ಎಂದು ನಾನು ಸಿಕ್ಕಿದ ಕಡೆಯೆಲ್ಲ ಹೇಳುವುದು ಅದಕ್ಕೇ.

"ಬಿಟ್ಟುಬಿಡಿ, ಎಷ್ಟು ಸಿಗುತ್ತೆ ಅದರಲ್ಲಿ" ಎಂದೂ ಕೇಳಿದೆ. ಶೇಕಡಾ 50ಕ್ಕೆ ಕೊನೆಯ ಸಂಬಳದ ಶೇಕಡಾ 15. ಮಾತ್ರೆಗೆ, ಕೂಲಿಗೆ ಅದು ದೊಡ್ಡ ಸಹಾಯವೇ. ಬಿಡೋಕೆ ದೊಡ್ಡಪ್ಪನೂ ತಯಾರಿಲ್ಲ, ನಾನೂ ಇಲ್ಲ. ಮಳೆ ಕಡಿಮೆಯಾದ ಕೂಡಲೇ ಕೊಚ್ಚಿಗೆ ಹೋಗಿ ವಕೀಲರನ್ನು ನೋಡುತ್ತೇವೆ.

ನಿನ್ನಿಂದ ಒಂದು ಕೆಲಸ ಆಗಬೇಕು. ನಿಮ್ಮ ಬೀದಿಯಲ್ಲಿ ನಿವೃತ್ತ ಮಿಲಿಟ್ರಿ ಡಾಕ್ಟರ್ ಒಬ್ಬರಿದ್ದಾರೆ ಅಂದಿದ್ದೆಯಲ್ಲ, ಅವರಿಗೆ ಬೋರ್ಡಿನ ಕಾಗದ ತೋರಿಸಿ, ಎತ್ತರದ ಜಾಗದಲ್ಲಿ ಮಾಡಿದ ಸೇವೆಗೂ ಈ ಕಾಯಿಲೆಗೂ ಸಂಬಂಧ ಇರಬಹುದೇ ಎಂದು ಬರವಣಿಗೆಯಲ್ಲಿ ಅಭಿಪ್ರಾಯ ಕೊಡುತ್ತಾರಾ ಕೇಳು. ಪೋಸ್ಟಿಂಗ್ ವಿವರ ಸಮೇತ ಎಲ್ಲ ಪುಟಗಳ ಫೋಟೊ ಇವತ್ತು ರಾತ್ರಿ ಕಳಿಸುತ್ತೇನೆ.