ಕೊಂಡಿ ತಪ್ಪಿದಾಗ

ಇಳಕಲ್ ಕಡೆಯ ನೇಕಾರರು, ವಯಸ್ಸು 68. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಕೂಡಿಸುವುದು ಅವರಿಗೆ ಕಣ್ಣು ಮುಚ್ಚಿದರೂ ಬರುವ ಕೆಲಸ. ಒಂದು ವರ್ಷದಿಂದ ಅಲ್ಲೇ ತಪ್ಪುತ್ತಿದ್ದರು. ಪರಿಚಯದವರ ಹೆಸರೂ ಮರೆಯುತ್ತಿತ್ತು.

ಮಗ ಪುಣೆಯಿಂದ ಬಂದು ಅಪ್ಪನನ್ನು ಸಲಹೆಗೆಂದು ನನ್ನ ಬಳಿ ಕರೆತಂದಿದ್ದ. "ಪಿ-ಟೌ 217 ಅಂತ ರಕ್ತದ ಟೆಸ್ಟ್ ಐತ್ರಿ ಮೇಡಂ. ಅಪ್ಪಗ ಶುಗರ್ ಚೆಕ್ ಅಂತ ಹೇಳಿ ಮಾಡಿಸಿಬಿಡೋಣು" ಎಂದ. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

ಸುಳ್ಳು ಹೇಳಿ ಮಾಡಿಸುವುದು ಬೇಡ ಎಂದೆ. ಮಗನ ಮುಖ ಸಣ್ಣದಾಯಿತು. ಅವನ ಭಯ ಸುಳ್ಳಲ್ಲ, ಆದರೆ ತಲೆ ಅಪ್ಪನದು ಅಲ್ವಾ? ಅವರನ್ನೂ ಒಳಗೆ ಕರೆದು ಮೂವರೂ ಕೂತು ಮಾತಾಡಿದೆವು.

ಆಲ್‌ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಮರೆವು ಕಾಣುವ 15-20 ವರ್ಷ ಮೊದಲೇ ಮಿದುಳಿನಲ್ಲಿ ಕೂಡಿಕೊಳ್ಳಲು ಶುರುವಾಗುತ್ತದೆ. ಪಿ-ಟೌ 217 ಎಂಬ ಇನ್ನೊಂದು ಪ್ರೋಟೀನಿನ ಮಟ್ಟ ನೋಡಿದರೆ ಅದರ ಸುಳಿವು ಈಗ ರಕ್ತದಲ್ಲೂ ಸಿಗುತ್ತದೆ. ಇಂಥ ಒಂದು ರಕ್ತಪರೀಕ್ಷೆಗೆ ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. ಅದೂ ಮರೆವಿನ ಲಕ್ಷಣ ಇರುವ, 55 ವರ್ಷ ತುಂಬಿದವರಿಗೆ ಮಾತ್ರ. ಕಿಡ್ನಿ ತೊಂದರೆ ಇದ್ದರೆ ಪಿ-ಟೌ ಅಂಕಿ ಏರಿ ದಾರಿ ತಪ್ಪಿಸಬಹುದು. ರಕ್ತನಾಳದ ತೊಂದರೆಯಿಂದ ಬರುವ ಮರೆವನ್ನು ಇದು ಹಿಡಿಯುವುದಿಲ್ಲ. ಹಾಗಾಗಿ ಈ ಒಂದೇ ರಿಪೋರ್ಟ್ ನೋಡಿ ಯಾರೂ ತೀರ್ಪು ಕೊಡಲಾಗದು.

ಅಪ್ಪ ಕೇಳಿದರು: "ಅದರಾಗ ಬಂದ್ರ ಔಷಧ ಐತೇನ್ರೀ?"

ಇದ್ದದ್ದನ್ನೇ ಹೇಳಿದೆ. ಹೊಸ ಔಷಧಿಗಳು ಶುರುವಿನ ಹಂತದಲ್ಲಿ ಕಾಯಿಲೆಯ ಓಟವನ್ನು ತುಸು ನಿಧಾನ ಮಾಡುತ್ತವೆ. ಹೋದ ನೆನಪನ್ನು ತರುವುದಿಲ್ಲ. ಮಿದುಳಲ್ಲಿ ಬಾವು, ರಕ್ತಸ್ರಾವದ ಅಪಾಯವೂ ಇದೆ.

ಮೊದಲು ಸುಲಭದ ಕಾರಣ ಹುಡುಕಿ ಎಂದು ಡಾಕ್ಟರ ಬಳಿ ಕಳಿಸಿದೆ: ಥೈರಾಯ್ಡ್, ವಿಟಮಿನ್ ಬಿ12, ಕಿವಿ, ನಿದ್ದೆ, ಮನಸ್ಸಿನ ಕುಗ್ಗು. ಅಪ್ಪ ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗುತ್ತ ಬಹಳ ವರ್ಷವಾಗಿತ್ತು. ಆ ಮಾತ್ರೆ ಬಿ12 ಇಳಿಸಬಲ್ಲದು. ಇಳಿದೇ ಇತ್ತು. ಇಂಜೆಕ್ಷನ್ ಶುರುವಾಯಿತು. ಬ್ಯಾಂಕು, ಆಸ್ತಿಯ ಮಾತನ್ನು ಅಪ್ಪನ ಬುದ್ಧಿ ಚುರುಕಾಗಿರುವಾಗಲೇ, ಅವರೆದುರೇ ಮುಗಿಸಿ ಎಂದು ಮಗನಿಗೆ ಹೇಳಿದೆ.

ಮೂರು ತಿಂಗಳ ಮೇಲೆ ಇಬ್ಬರೂ ಬಂದರು. ಹೆಸರುಗಳು ಜಾಸ್ತಿ ನೆನಪಾಗುತ್ತಿದ್ದವು. ಕೊಂಡಿ ಮಾತ್ರ ಇನ್ನೂ ತಪ್ಪುತ್ತಿತ್ತು.

"ಈಗ ಆ ಟೆಸ್ಟ್ ಮಾಡಸ್ರೀ" ಎಂದರು ಅಪ್ಪ. "ಆದ್ರ ರಿಪೋರ್ಟ್ ಮೊದಲ ನನಗ ಹೇಳಬೇಕು. ಆಮ್ಯಾಲ ಇವಗ."