ದಾಖಲೆಗಳಲ್ಲಿರುವ ಹೆಸರುಗಳ ಹಳೆಯ ಮುದ್ರಿತ ಸೂಚಿಯಲ್ಲಿ ಪೂರ್ವಜರ ಹೆಸರು ಸಿಕ್ಕಿದೆ. ವಂಶಾವಳಿಗೆ ಅಷ್ಟು ಪುರಾವೆ ಸಾಕೇ?

ಸಾಲದು. ಸೂಚಿ ದಾರಿ ತೋರಿಸುತ್ತದೆ ಅಷ್ಟೆ, ಪುರಾವೆ ಇರುವುದು ಮೂಲ ದಾಖಲೆಯಲ್ಲಿ.

ಇಂಗ್ಲೆಂಡಿನ ಹಳೆಯ ಚರ್ಚ್ ರಿಜಿಸ್ಟರುಗಳನ್ನೇ ತೆಗೆದುಕೊಳ್ಳಿ. ಆ ಕೈಬರಹದ ಉದ್ದ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುತ್ತದೆ, ‘ರಾಸ್’ (Ross) ಮನೆತನ ಸೂಚಿಯಲ್ಲಿ ‘ರಾಫ್ಸ್’ (Rofs) ಆಗಿ ಕೂತಿರಬಹುದು. ತಾರೀಖು ಇನ್ನೂ ದೊಡ್ಡ ತಲೆನೋವು. ಅಲ್ಲಿ 1752ಕ್ಕೆ ಮೊದಲು ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ರಿಜಿಸ್ಟರಿನ 1720ರ ಫೆಬ್ರವರಿ ನಮ್ಮ ಲೆಕ್ಕಕ್ಕೆ 1721. ಇದನ್ನು ಗಮನಿಸದಿದ್ದರೆ 1720ರ ಏಪ್ರಿಲ್‌ನಲ್ಲಿ ಮದುವೆಯಾದವರಿಗೆ ಅದಕ್ಕೂ ಮುಂಚೆ, ಫೆಬ್ರವರಿಯಲ್ಲೇ ಮಗು ಹುಟ್ಟಿದಂತೆ ಕಾಣುತ್ತದೆ!

ಮೊದಲು ಸೂಚಿಯ ಮುನ್ನುಡಿ ಓದಿ, ಯಾವ ವರ್ಷಗಳು ಬಿಟ್ಟುಹೋಗಿವೆ ನೋಡಿ. ಸಾಕ್ಷಿಗಳ ಹೆಸರನ್ನು ಎಷ್ಟೋ ಸೂಚಿಗಳು ಸೇರಿಸಿಯೇ ಇರುವುದಿಲ್ಲ. ಆಮೇಲೆ ಸಂಪುಟ, ಪುಟಸಂಖ್ಯೆ ಹಿಡಿದು ಮೂಲದ ಪ್ರತಿ ತರಿಸಿ, ಹಿಂದುಮುಂದಿನ ಪುಟಗಳನ್ನೂ ಓದಿ.